ಬೆಂಕಿ ಹೂವನ್ನು ಕೋಟೆಯವರೆಗೆ ಉಳಿಸಿಕೊಳ್ಳುವುದು ಹೇಗೆ? ಸೂಪರ್ ಮಾರಿಯೊ ಆಡಿದವರ ಅನುಭವ

ಪ್ರಶ್ನೆ
ಎಲ್ಲರಿಗೂ ನಮಸ್ಕಾರ. 1985ರ ಮೊದಲ ಸೂಪರ್ ಮಾರಿಯೊ ಬ್ರದರ್ಸ್ ಆಟವನ್ನು ನಾನು ಮತ್ತು ನನ್ನ ಮಗಳು ನಿಂಟೆಂಡೊ ಸ್ವಿಚ್ ಕನ್ಸೋಲಿನಲ್ಲಿ ಆಡುತ್ತಿದ್ದೇವೆ. ಮಾರಿಯೊಗೆ ಬೆಂಕಿಯುಂಡೆ ಎಸೆಯುವ ಶಕ್ತಿ ಕೊಡುವ ಹೂವು, ಅಂದರೆ ಫೈರ್ ಫ್ಲವರ್ ಸಿಗುತ್ತದೆ, ಆದರೆ ಕೋಟೆ ತಲುಪುವ ಮೊದಲೇ ಕೈತಪ್ಪುತ್ತದೆ. ಕೆಲವು ಸಲ ಹೂವನ್ನು ಮುಟ್ಟಿದರೂ ಬೆಂಕಿ ಬರುವುದಿಲ್ಲ. ಓಡುವುದಕ್ಕೂ ಎಸೆಯುವುದಕ್ಕೂ ಒಂದೇ ಬಿ ಬಟನ್ ಇರುವುದರಿಂದ ಮಗಳು ಗೊಂದಲಕ್ಕೆ ಬೀಳುತ್ತಾಳೆ. ಅನುಭವವಿರುವವರು ದಯವಿಟ್ಟು ತಿಳಿಸಿಕೊಡಿ.

ಉತ್ತರ 1
ಮುಟ್ಟಿದರೂ ಬೆಂಕಿ ಬಾರದಿರುವುದಕ್ಕೆ ಕಾರಣವಿದೆ. ಈ ಆಟದಲ್ಲಿ ಮಾರಿಯೊ ಚಿಕ್ಕವನಾಗಿದ್ದಾಗ ಪೆಟ್ಟಿಗೆಯನ್ನು ಗುದ್ದಿದರೆ ಅವನನ್ನು ದೊಡ್ಡವನನ್ನಾಗಿಸುವ ಅಣಬೆ ಬರುತ್ತದೆ, ದೊಡ್ಡವನಾಗಿದ್ದಾಗ ಗುದ್ದಿದರೆ ಹೂವು ಬರುತ್ತದೆ. ಹೂವು ಹೊರಬಂದ ಮೇಲೆ, ಅದನ್ನು ಮುಟ್ಟುವುದಕ್ಕೆ ಮುನ್ನ ಶತ್ರು ತಗುಲಿ ಮಾರಿಯೊ ಚಿಕ್ಕವನಾದರೆ, ಆ ಹೂವು ಅವನನ್ನು ದೊಡ್ಡವನನ್ನಾಗಿ ಮಾತ್ರ ಮಾಡುತ್ತದೆ. ಅಣಬೆಯಂತೆ ಹೂವು ಜಾರಿಕೊಂಡು ಓಡಿಹೋಗುವುದಿಲ್ಲ, ಪೆಟ್ಟಿಗೆಯ ಮೇಲೆಯೇ ನಿಂತಿರುತ್ತದೆ. ಆದ್ದರಿಂದ ಅವಸರ ಬೇಡ. ಸುತ್ತಲಿನ ಗೂಂಬಾ, ಕೂಪಾ ಎಂಬ ಶತ್ರುಗಳನ್ನು ಮೊದಲು ತುಳಿದು ಮುಗಿಸಿ, ನಂತರ ಮೇಲೆ ಹತ್ತಿ ತೆಗೆದುಕೊಳ್ಳಲು ಮಗಳಿಗೆ ಹೇಳಿ. 1-1ರಲ್ಲಿಯೇ (ಮೊದಲ ವರ್ಲ್ಡ್‌ನ ಮೊದಲ ಲೆವೆಲ್) ಮೊದಲ ಅಣಬೆಯನ್ನು ಉಳಿಸಿಕೊಂಡು ಮೊದಲ ಹಳ್ಳ ದಾಟಿದರೆ, ಆಚೆ ಎರಡು ಇಟ್ಟಿಗೆಗಳ ನಡುವೆ ಇರುವ ಪ್ರಶ್ನೆ ಚಿಹ್ನೆಯ ಪೆಟ್ಟಿಗೆಯಲ್ಲಿ ಹೂವು ಸಿಗುತ್ತದೆ.

ಉತ್ತರ 2
ಬಟನ್ನಿನ ಗೊಂದಲದ ಬಗ್ಗೆ ನಾನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಏಕೆಂದರೆ ಹೂವು ಕೈತಪ್ಪುವುದು ಹೆಚ್ಚಾಗಿ ಇಲ್ಲಿಯೇ.

ಒಂದು ಸಮಯಕ್ಕೆ ಪರದೆಯ ಮೇಲೆ ಎರಡೇ ಬೆಂಕಿಯುಂಡೆಗಳು ಇರಬಹುದು. ಎರಡನ್ನೂ ದೂರದ ಶತ್ರುವಿನತ್ತ ಎಸೆದು ಗುರಿ ತಪ್ಪಿದರೆ, ಅವು ಪರದೆಯಿಂದ ಹೊರಗೆ ಹೋಗುವವರೆಗೆ ಅಥವಾ ಯಾವುದಾದರೂ ಪೈಪಿಗೋ ಗೋಡೆಗೋ ತಗುಲಿ ಆರುವವರೆಗೆ ಬಿ ಬಟನ್ ಎಷ್ಟು ಒತ್ತಿದರೂ ಪ್ರಯೋಜನವಿಲ್ಲ. ಮಕ್ಕಳು ಆ ಹೊತ್ತಿನಲ್ಲಿ ಗಾಬರಿಯಿಂದ ಬಟನ್ ಒತ್ತುತ್ತಲೇ ಮುಂದಕ್ಕೆ ಹೋಗಿ ಶತ್ರುವಿಗೆ ಡಿಕ್ಕಿ ಹೊಡೆಯುತ್ತಾರೆ. ಇದೇ ನಿಯಮದ ಇನ್ನೊಂದು ಮುಖವೆಂದರೆ, ಶತ್ರು ಹತ್ತಿರವಿದ್ದಾಗ ಉಂಡೆ ಕೂಡಲೇ ತಗುಲಿ ಮಾಯವಾಗುವುದರಿಂದ ಮುಂದಿನದನ್ನು ಒಡನೆಯೇ ಎಸೆಯಬಹುದು. ಹಾಗಾಗಿ ಒಂದು ಉಂಡೆ ಎಸೆದು, ಅದು ಏನಾಯಿತೆಂದು ನೋಡಿ, ಎರಡನೆಯದನ್ನು ಕೈಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಮಾಡಿಸಿ. ಉಂಡೆ ಓರೆಯಾಗಿ ಕೆಳಗಿಳಿದು ನೆಲಕ್ಕೆ ತಾಗಿದ ಮೇಲೆ ತಗ್ಗಾಗಿ ಪುಟಿಯುತ್ತಾ ಸಾಗುತ್ತದೆಯೇ ಹೊರತು ಮೇಲಕ್ಕೆ ಏರುವುದಿಲ್ಲ ಎಂಬುದನ್ನೂ ಅವಳಿಗೆ ತೋರಿಸಿ. ಎತ್ತರದಲ್ಲಿರುವ ಶತ್ರುವಿಗೆ ಹಾರಿದಾಗಲೇ ಎಸೆಯಬೇಕು.

ಓಟದ ವಿಷಯಕ್ಕೆ ಬಂದರೆ, ಬಿ ಬಟನ್ ಒತ್ತಿ ಹಿಡಿದಿರುವಾಗ ಎಸೆಯಬೇಕೆನಿಸಿದರೆ ಹೆಬ್ಬೆರಳನ್ನು ಕ್ಷಣಮಾತ್ರ ಸಡಿಲಿಸಿ ಮತ್ತೆ ಒತ್ತಿದರೆ ಸಾಕು. ಅಷ್ಟರಲ್ಲಿ ಓಟದ ವೇಗ ಕುಗ್ಗುವುದಿಲ್ಲ. ಹೆಬ್ಬೆರಳಿನ ತುದಿ ಬಿ ಮೇಲೆ, ಅದೇ ಬೆರಳಿನ ಗೆಣ್ಣಿನ ಭಾಗ ಎ ಮೇಲೆ ಬರುವಂತೆ ಹಿಡಿದರೆ ಓಡುತ್ತಲೇ ಹಾರುವುದೂ ಸುಲಭವಾಗುತ್ತದೆ.

ಉತ್ತರ 3
ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ತುಳಿದು ಮುಗಿಸಬಹುದಾದ ಶತ್ರುಗಳ ಮೇಲೆ ಬೆಂಕಿ ಎಸೆಯುವುದಕ್ಕೆಂದೇ ನಿಂತುಬಿಡುವ ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ. ಹೂವು ನಿಜವಾಗಿ ಬೇಕಾಗುವುದು ತುಳಿಯಲಾಗದ ಜಾಗಗಳಲ್ಲಿ. 2-2ರಲ್ಲಿ ನೀರಿನೊಳಗೆ ಯಾರನ್ನೂ ತುಳಿಯುವಂತಿಲ್ಲ. ಬ್ಲೂಪರ್ ಎಂಬ ಸ್ಕ್ವಿಡ್‌ಗಳನ್ನೂ ಮೀನುಗಳನ್ನೂ ಕೊಲ್ಲಲು ಅಲ್ಲಿ ಬೆಂಕಿಯೊಂದೇ ದಾರಿ, ಮತ್ತು ಅದು ನೀರಿನಲ್ಲಿಯೂ ಆರುವುದಿಲ್ಲ. ಲಾಕಿಟು ಎಂಬ ಶತ್ರು ಮೋಡದಿಂದ ಬೀಳಿಸುವ ಮುಳ್ಳಿನ ಸ್ಪೈನಿಗಳಿಗೂ, ಪೈಪಿನಿಂದ ತಲೆಯೆತ್ತುವ ಪಿರಾನಾ ಗಿಡಗಳಿಗೂ ಇದೇ ಉಪಾಯ. ಆದರೆ ಕಪ್ಪು ಚಿಪ್ಪಿನ ಬಝೀ ಬೀಟಲ್ ಮತ್ತು ಫಿರಂಗಿಯಿಂದ ಬರುವ ಬುಲೆಟ್ ಬಿಲ್ ಎರಡಕ್ಕೂ ಬೆಂಕಿ ತಾಗುವುದೇ ಇಲ್ಲ. ಅವು ಕಂಡಾಗ ಎಸೆಯುತ್ತಾ ನಿಲ್ಲದೆ ಹಾರಿಬಿಡಬೇಕು.

3-1ರಲ್ಲಿ ಮೊದಲ ಬಾರಿಗೆ ಎದುರಾಗುವ, ಸುತ್ತಿಗೆ ಎಸೆಯುವ ಹ್ಯಾಮರ್ ಬ್ರದರ್ಸ್‌ಗೆ ಒಂದೇ ಉಂಡೆ ಸಾಕು. ಅವರು ಇಟ್ಟಿಗೆಯ ಸಾಲುಗಳ ಮೇಲಕ್ಕೂ ಕೆಳಕ್ಕೂ ಜಿಗಿಯುತ್ತಿರುತ್ತಾರೆ. ಮೇಲಿನ ಸಾಲಿನಲ್ಲಿರುವಾಗ ನೆಲದಿಂದ ಎಸೆದರೆ ಉಂಡೆ ಅವರ ಕಾಲ ಕೆಳಗೆ ಹಾದುಹೋಗುತ್ತದೆ. ಅವರು ಇಳಿಯುವುದನ್ನು ಕಾದು, ಸುತ್ತಿಗೆ ತಲುಪದಷ್ಟು ದೂರದಿಂದ ಎಸೆಯಿರಿ.

ಕೋಟೆಯ ಕೊನೆಯಲ್ಲಿ ಎದುರಾಗುವ ಮುಖ್ಯ ಶತ್ರು ಬೌಸರ್‌ಗೆ ಐದು ಉಂಡೆಗಳು ತಗುಲಬೇಕು. ಮಗಳಿಗೆ ಖುಷಿ ಕೊಡುವ ಸಂಗತಿಯೊಂದಿದೆ: ಮೊದಲ ಏಳು ಕೋಟೆಗಳಲ್ಲಿರುವವನು ನಿಜವಾದ ಬೌಸರ್ ಅಲ್ಲ. ಕೊಡಲಿ ಮುಟ್ಟಿ ಸೇತುವೆ ಬೀಳಿಸಿದರೆ ಇದು ತಿಳಿಯುವುದೇ ಇಲ್ಲ. ಬೆಂಕಿಯಿಂದ ಕೊಂದರೆ ಮಾತ್ರ ವೇಷ ಕಳಚುತ್ತದೆ. 1-4ರಲ್ಲಿ ಗೂಂಬಾ, 2-4ರಲ್ಲಿ ಕೂಪಾ ಹೊರಬೀಳುತ್ತದೆ. ಮುಂದಿನದನ್ನು ಅವಳೇ ಕಂಡುಕೊಳ್ಳಲಿ.

ಉತ್ತರ 4
ತೊಂಬತ್ತರ ದಶಕದಲ್ಲಿ ಟಿವಿಗೆ ಜೋಡಿಸುವ ನಕಲಿ ಕನ್ಸೋಲಿನಲ್ಲಿ ಕ್ಯಾಸೆಟ್ ಹಾಕಿ ಇದೇ ಆಟ ಆಡಿದವನು ನಾನು. ಆಗ ನಮ್ಮ ಮನೆಯ ರಿಮೋಟಿನಲ್ಲಿ, ಒತ್ತಿ ಹಿಡಿದರೆ ಪದೇ ಪದೇ ಒತ್ತಿದಂತಾಗುವ ಟರ್ಬೊ ಬಟನ್ನುಗಳಿದ್ದವು. ಈಗಿನ ಕಂಟ್ರೋಲರ್‌ಗಳಲ್ಲಿಯೂ ಕೆಲವರು ಅಂತಹುದನ್ನು ಹುಡುಕುತ್ತಾರೆ. ಎರಡೇ ಉಂಡೆಗಳ ಮಿತಿ ಇರುವಾಗ ಅದರಿಂದ ಹೆಚ್ಚಿನ ಲಾಭವಿಲ್ಲ, ಅದಕ್ಕಾಗಿ ಹಣ ಖರ್ಚು ಮಾಡಬೇಡಿ.

ಸ್ವಿಚ್‌ನಲ್ಲಿ ನಿಮಗೆ ನಮಗಿಲ್ಲದ ಅನುಕೂಲವಿದೆ. ಹೂವು ಇಟ್ಟುಕೊಂಡು ಕೋಟೆಯ ಬಾಗಿಲಿಗೆ ಬಂದಾಗ ಸಸ್ಪೆಂಡ್ ಪಾಯಿಂಟ್ (ಆಟದ ಆ ಕ್ಷಣದ ಸ್ಥಿತಿ) ಉಳಿಸಿಕೊಂಡರೆ, ಸೋತರೂ ಬೆಂಕಿಯ ಮಾರಿಯೊನಿಂದಲೇ ಮತ್ತೆ ಆರಂಭಿಸಬಹುದು. ಝಡ್‌ಎಲ್, ಝಡ್‌ಆರ್ ಎರಡನ್ನೂ ಒಟ್ಟಿಗೆ ಹಿಡಿದರೆ ಆಟವನ್ನು ಹಿಂದಕ್ಕೆ ಸರಿಸಲೂ ಬರುತ್ತದೆ. ಕಲಿಯುವ ಮಗುವಿಗೆ ಇದನ್ನು ಬಳಸುವುದರಲ್ಲಿ ತಪ್ಪೇನೂ ಇಲ್ಲವೆಂದು ಮನಃಪೂರ್ವಕವಾಗಿ ಹೇಳುತ್ತೇನೆ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಧನ್ಯವಾದಗಳು. ಒಂದು ಉಂಡೆ ಎಸೆದು ಕಾಯುವುದನ್ನು ಇವತ್ತೇ ಅಭ್ಯಾಸ ಮಾಡಿಸುತ್ತೇನೆ. ಒಂದೇ ಏಟಿಗೆ ಬೆಂಕಿಯ ಮಾರಿಯೊ ನೇರವಾಗಿ ಚಿಕ್ಕವನಾಗುವುದು ಅವಳಿಗೆ ಬಹಳ ಬೇಸರ ತರಿಸುತ್ತದೆ. ಸರಣಿಯ ಬೇರೆ ಆಟಗಳಲ್ಲಿಯೂ ಹೀಗೆಯೇ ಇದೆಯೇ?

ಉತ್ತರ 2 ಬರೆದವರು
ಇಲ್ಲ. ಸೂಪರ್ ಮಾರಿಯೊ ಬ್ರದರ್ಸ್ 3ರ ಇಂಗ್ಲಿಷ್ ಆವೃತ್ತಿಯಲ್ಲಿ ಪೆಟ್ಟು ಬಿದ್ದರೆ ಬೆಂಕಿ ಮಾತ್ರ ಹೋಗುತ್ತದೆ, ಮಾರಿಯೊ ದೊಡ್ಡವನಾಗಿಯೇ ಉಳಿಯುತ್ತಾನೆ. 1990ರ ಸೂಪರ್ ಮಾರಿಯೊ ವರ್ಲ್ಡ್‌ನಲ್ಲಿ ಚಿಕ್ಕವನಾದರೂ, ಪರದೆಯ ಮೇಲ್ಭಾಗದ ಚೌಕದಲ್ಲಿ ಹೆಚ್ಚುವರಿ ಹೂವೊಂದು ಇದ್ದರೆ ಅದು ತಾನಾಗಿ ಕೆಳಗೆ ಬೀಳುತ್ತದೆ. ಅದೂ ಅಲ್ಲದೆ ಅಲ್ಲಿ ಬೆಂಕಿ ತಗುಲಿದ ಶತ್ರುಗಳು ನಾಣ್ಯಗಳಾಗುತ್ತವೆ. ಮಗಳಿಗೆ ಬೇಸರ ಹೆಚ್ಚಾದರೆ ಕೆಲವು ದಿನ ಮೂರನೆಯ ಆಟವನ್ನು ಆಡಿಸಿ, ಎಸೆಯುವ ಕೈ ಕುದುರಿದ ಮೇಲೆ ಮೊದಲ ಆಟಕ್ಕೆ ಹಿಂದಿರುಗಿ. ಮೊದಲ ಆಟದ ಎಂಟನೆಯ ವರ್ಲ್ಡ್‌ನ ಲೆವೆಲ್‌ಗಳಲ್ಲಿ ಅರ್ಧದಾರಿಯಿಂದ ಮತ್ತೆ ಶುರುಮಾಡುವ ಸೌಲಭ್ಯವಿಲ್ಲ, 8-4ರಲ್ಲಿ ಬೌಸರ್‌ಗಿಂತ ಸ್ವಲ್ಪ ಮೊದಲು ಹ್ಯಾಮರ್ ಬ್ರದರ್ ಒಬ್ಬ ನಿಂತಿರುತ್ತಾನೆ. ಅಲ್ಲಿಗೆ ಹೋಗುವಾಗ ಹೂವು ಜೊತೆಯಲ್ಲಿರಲಿ.