ರೇಡ್ 5: ನಾಲ್ಕರಲ್ಲಿ ಎರಡು ಡಿಸ್ಕ್ ಹೊರಬಿದ್ದಿವೆ, ಮದುವೆ ವಿಡಿಯೋ ಉಳಿಸೋದು ಹೇಗೆ?

ಕಲಬುರಗಿ_ಸ್ಟುಡಿಯೋ
ನಮಸ್ಕಾರ. ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ. ಹಳೇ ಪಿಸಿಗೆ ಡೆಬಿಯನ್ ಲಿನಕ್ಸ್ ಹಾಕಿ, 4 ಟಿಬಿಯ ನಾಲ್ಕು ಡಿಸ್ಕ್ ಸೇರಿಸಿ ಎಂಡಿಆ್ಯಡಮ್ ಅನ್ನೋ ಸಾಧನದಲ್ಲಿ ರೇಡ್ 5 (ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯೋ ಜೋಡಣೆ) ಮಾಡಿಕೊಂಡಿದ್ದೆ. ಅದರ ಮೇಲೆ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್. ನಿನ್ನೆ ಮಧ್ಯಾಹ್ನ ಕರೆಂಟ್ ಎರಡು ಸಲ ಹೋಗಿ ಬಂತು. ಆಮೇಲೆ ಅರೇ (ಡಿಸ್ಕ್‌ಗಳ ಆ ಗುಂಪು) ಏಳ್ತಾನೇ ಇಲ್ಲ. ಎರಡೇ ಡಿಸ್ಕ್ ಇವೆ, ಶುರು ಮಾಡೋಕೆ ಸಾಲದು ಅಂತಿದೆ. ಈ ಸೀಸನ್ನಿನ ಹನ್ನೊಂದು ಮದುವೆ ಅದರಲ್ಲಿವೆ. ಎರಡು ಮನೆಯವರಿಗೆ ಇನ್ನೂ ಏನೂ ಕೊಟ್ಟಿಲ್ಲ. ಗೆಳೆಯನೊಬ್ಬ ‘ಕ್ರಿಯೇಟ್ ಕಮಾಂಡ್ ಕೊಟ್ಟು ಮತ್ತೆ ಕಟ್ಟಿಬಿಡು’ ಅಂದ. ಕೊಡಲಾ?

ಬೀದರ್_ಪೆಂಗ್ವಿನ್
ಕೊಡಬೇಡ್ರೀ! ಕ್ರಿಯೇಟ್ ಕೊಟ್ಟರೆ ಹಳೇ ಸೂಪರ್‌ಬ್ಲಾಕ್ (ಅರೇಯ ವಿವರ ಬರೆದಿರೋ ಜಾಗ) ಅಳಿಸಿ ಹೊಸದು ಬರೆಯುತ್ತೆ. ಡಿಸ್ಕ್‌ಗಳ ಸರದಿ, ಚಂಕ್ ಸೈಜ್ (ಡೇಟಾ ತುಂಡಿನ ಅಳತೆ), ಡೇಟಾ ಆಫ್‌ಸೆಟ್ (ಡೇಟಾ ಶುರುವಾಗೋ ಜಾಗ), ಇಷ್ಟರಲ್ಲಿ ಒಂದು ತಪ್ಪಿದರೂ ಒಳಗಿರೋದೆಲ್ಲ ಕಸದ ಹಾಗೆ ಕಾಣುತ್ತೆ. ಆಫ್‌ಸೆಟ್ ಅಂತೂ ಎಂಡಿಆ್ಯಡಮ್‌ನ ಒಂದೊಂದು ಆವೃತ್ತಿಗೆ ಒಂದೊಂದು ಥರ. ರೀಸಿಂಕ್ (ಡಿಸ್ಕ್‌ಗಳನ್ನು ಹೊಂದಿಸೋಕೆ ಮತ್ತೆ ಬರೆಯೋದು) ಬೇರೆ ಶುರುವಾದರೆ ಮುಗೀತು. ಫೈಲ್‌ಸಿಸ್ಟಮ್ ರಿಪೇರಿ ಮಾಡೋ ಎಫ್‌ಎಸ್‌ಸಿಕೆಯೂ ಈಗ ಬೇಡ. ಒಂದೊಂದೇ ಡಿಸ್ಕ್‌ಗೆ ಎಂಡಿಆ್ಯಡಮ್ ಎಕ್ಸಾಮಿನ್ ಕೊಟ್ಟು ಈವೆಂಟ್ ಸಂಖ್ಯೆ (ಅರೇ ಬದಲಾದಂತೆ ಏರೋ ಎಣಿಕೆ) ಇಲ್ಲಿ ಹಾಕಿ, ಜೊತೆಗೆ ಡಿಸ್ಕ್ ಆರೋಗ್ಯ ತಿಳಿಸೋ ಸ್ಮಾರ್ಟ್ ವರದಿಯೂ ಹಾಕಿ. ಅದಕ್ಕೂ ಮೊದಲು ಡಿಸ್ಕ್‌ಗಳ ಸೀರಿಯಲ್ ನಂಬರ್ ಬರೆದಿಟ್ಟುಕೊಳ್ಳಿ. ರೀಬೂಟ್ ಆದರೆ ಡಿಸ್ಕ್ ಹೆಸರಿನ ಕೊನೇ ಎ, ಬಿ, ಸಿ ಅಕ್ಷರ ಅದಲುಬದಲಾಗಬಹುದು.

ಕಲಬುರಗಿ_ಸ್ಟುಡಿಯೋ
ಎಸ್‌ಡಿಬಿ 48213, ಎಸ್‌ಡಿಸಿ 48213, ಎಸ್‌ಡಿಡಿ 48207, ಎಸ್‌ಡಿಇ 31902. ಕೊನೇದರ ಅಪ್‌ಡೇಟ್ ಟೈಮ್ ಮಾರ್ಚ್ ತಿಂಗಳದ್ದು, ಉಳಿದವು ನಿನ್ನೆಯವು. ಎಸ್‌ಡಿಇಯಲ್ಲಿ ಪೆಂಡಿಂಗ್ ಸೆಕ್ಟರ್ (ಓದೋಕಾಗದ ಜಾಗ) 112. ಎಸ್‌ಡಿಡಿಯಲ್ಲಿ ಪೆಂಡಿಂಗ್ 0, ಸಿಆರ್‌ಸಿ ಎರರ್ (ಡೇಟಾ ಸಾಗುವಾಗಿನ ತಪ್ಪು) 214. ಬಿ, ಸಿ ಎರಡೂ ಕ್ಲೀನ್.

ಬೀದರ್_ಪೆಂಗ್ವಿನ್
ಎಸ್‌ಡಿಇ ಮಾರ್ಚ್‌ನಲ್ಲೇ ಸತ್ತಿದೆ. ಅಲ್ಲಿಂದ ನೀವು ಮೂರು ಕಾಲಿನ ಮಂಚದ ಮೇಲೆ ಮಲಗಿದ್ದೀರಿ, ಗೊತ್ತೇ ಆಗಿಲ್ಲ. ಅದನ್ನು ಬಿಚ್ಚಿ ಪಕ್ಕಕ್ಕಿಡಿ. ಅಪ್ಪಿತಪ್ಪಿಯೂ ಸೇರಿಸಬೇಡಿ, ಮಾರ್ಚ್ ಡೇಟಾ ಈಗಿನದ್ದರ ಜೊತೆ ಕಲಸಿ ಚಿತ್ರಾನ್ನ ಆಗುತ್ತೆ. ಎಸ್‌ಡಿಡಿ ಆರೇ ಈವೆಂಟ್ ಹಿಂದಿದೆ, ಅದು ಬದುಕಿದೆ. ಸಿಆರ್‌ಸಿ ಏರಿದೆ, ಪೆಂಡಿಂಗ್ ಸೊನ್ನೆ ಅಂದರೆ ನನಗೆ ಡಿಸ್ಕ್‌ಗಿಂತ ವೈರಿನ ಮೇಲೇ ಜಾಸ್ತಿ ಅನುಮಾನ. ಕ್ಯಾಬಿನೆಟ್ ಬಿಚ್ಚಿ ನೋಡಿ.

ಕಲಬುರಗಿ_ಸ್ಟುಡಿಯೋ
ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು ಅಣ್ಣ. ಎಸ್‌ಡಿಡಿಗೆ ಹೋಗೋ ಪವರ್ ಸ್ಪ್ಲಿಟರ್‌ನ ಬಿಳಿ ಪ್ಲಾಸ್ಟಿಕ್ ಒಂದು ಮೂಲೆಯಲ್ಲಿ ಕಂದಾಗಿ ಉಬ್ಬಿದೆ. ಮೂಗಿನ ಹತ್ತಿರ ತಂದರೆ ಸುಟ್ಟ ವಾಸನೆ. ಸಾಟಾ ಕೇಬಲ್ಲೂ ಸಡಿಲ. ಎರಡೂ ಬದಲಾಯಿಸಿದೆ. ಆದರೆ ಮುಂದೆ ಕೈ ಹಾಕೋ ಮೊದಲು ಮೂರೂ ಡಿಸ್ಕ್ ಕ್ಲೋನ್ (ಪೂರ್ತಿ ನಕಲು) ಮಾಡೋಕೆ 12 ಟಿಬಿ ಬೇಕಲ್ವಾ? ನನ್ನ ಹತ್ತಿರ ಇರೋದು 8 ಟಿಬಿಯ ಒಂದು ಎಕ್ಸ್‌ಟರ್ನಲ್.

ಯಾದಗಿರಿ_ಟರ್ಮಿನಲ್
ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಓವರ್‌ಲೇ ಮಾಡಿ. ಎಕ್ಸ್‌ಟರ್ನಲ್‌ನಲ್ಲಿ ಡಿಸ್ಕ್‌ಗೊಂದರಂತೆ ಖಾಲಿ ಸ್ಪಾರ್ಸ್ ಫೈಲ್ (ಬರೆದಷ್ಟೇ ಜಾಗ ಹಿಡಿಯೋ ಫೈಲ್) ಮಾಡಿ, ಲಿನಕ್ಸ್‌ನ ಡಿಎಂಸೆಟಪ್ ಕಮಾಂಡ್‌ನಲ್ಲಿ ಸ್ನ್ಯಾಪ್‌ಶಾಟ್ ಕಟ್ಟಿ. ಓದೋದು ಡಿಸ್ಕ್‌ನಿಂದ, ಬರೆಯೋದೆಲ್ಲ ಫೈಲ್‌ಗೆ. ಎಡವಿದರೆ ಫೈಲ್ ಅಳಿಸಿ ಮತ್ತೆ ಶುರು ಮಾಡಬಹುದು. ಅರ್ಧಂಬರ್ಧ ಎದ್ದಿರೋ ಅರೇಯನ್ನು ಮೊದಲು ಸ್ಟಾಪ್ ಮಾಡಿ. ಆಮೇಲೆ ಮೂರು ಓವರ್‌ಲೇಗಳ ಹೆಸರು ಕೊಟ್ಟು ಎಂಡಿಆ್ಯಡಮ್‌ಗೆ ಅಸೆಂಬಲ್, ಫೋರ್ಸ್, ರನ್ ಹೇಳಿ. ಮೌಂಟ್ ಮಾಡುವಾಗ ಆರ್‌ಓ (ಓದೋಕೆ ಮಾತ್ರ) ಜೊತೆ ನೋಲೋಡ್ ಸೇರಿಸಿ. ಬರೀ ಆರ್‌ಓ ಕೊಟ್ಟರೆ ಇಎಕ್ಸ್‌ಟಿ4 ಜರ್ನಲ್ (ಬರೆಯೋದು ಬಾಕಿ ಇರೋದರ ದಾಖಲೆ) ಓಡಿಸಿಯೇ ಬಿಡುತ್ತೆ. ಈ ಮೂರು ಡಿಸ್ಕ್‌ನಲ್ಲಿ ಕೆಟ್ಟ ಸೆಕ್ಟರ್ ಇದ್ದಿದ್ದರೆ ಈ ದಾರಿ ಬೇಡ ಅಂತಿದ್ದೆ, ಆಗ ಡಿಡಿರೆಸ್ಕ್ಯೂ ಅನ್ನೋ ಸಾಧನದಲ್ಲಿ ಕ್ಲೋನ್ ತೆಗೀಲೇಬೇಕು.

ಕಲಬುರಗಿ_ಸ್ಟುಡಿಯೋ
ಬಂತು! ಫೋರ್ಸ್ ಕೊಟ್ಟಾಗ ಕೈ ನಡುಗ್ತಿತ್ತು. ಮೂರು ಡಿಸ್ಕ್‌ನಲ್ಲಿ ಎದ್ದಿದೆ. ಕೊಡಬೇಕಾದ ಎರಡು ಮದುವೆ ಮೊದಲು ಕಾಪಿ ಮಾಡಿದೆ, ಉಳಿದದ್ದು ರಾತ್ರಿಯಿಡೀ ಓಡ್ತಾ ಇದೆ. ಟೇಬಲ್ ಫ್ಯಾನ್ ಕ್ಯಾಬಿನೆಟ್ ಕಡೆ ತಿರುಗಿಸಿ ನಾನು ಬೆವರ್ತಾ ಕೂತಿದ್ದೀನಿ.

ಬೀದರ್_ಪೆಂಗ್ವಿನ್
ಶಭಾಷ್! ಕಾಪಿ ಮುಗಿದ ಮೇಲೆ ಡಿಸ್ಕ್ ಸತ್ತರೆ ತಿಳಿಸೋ ಎಂಡಿಆ್ಯಡಮ್ ಮಾನಿಟರ್‌ಗೆ ನಿಮ್ಮ ಮೇಲ್ ವಿಳಾಸ ಕೊಟ್ಟು, ಟೆಸ್ಟ್ ಮೇಲ್ ಬರುತ್ತಾ ನೋಡಿ. ಇದನ್ನು ಮಾರ್ಚ್‌ಗೆ ಮೊದಲೇ ಮಾಡಿದ್ದರೆ ನನಗೆ ಇವತ್ತು ಊಟಕ್ಕೆ ಲೇಟಾಗ್ತಿರಲಿಲ್ಲ.

ಕಲಬುರಗಿ_ಸ್ಟುಡಿಯೋ
ಮಾಡಿದೆ, ಮೇಲ್ ಬಂತು. ಎಲ್ಲಾ ಫೋಲ್ಡರ್ ತೆಗೆದು ನೋಡಿದೆ. ಒಂದೇ ಒಂದು ಅರಿಶಿನದ ಕ್ಲಿಪ್ ಅರ್ಧಕ್ಕೆ ನಿಲ್ಲುತ್ತೆ. ಕರೆಂಟ್ ಹೋದಾಗ ಅದೇ ಕಾಪಿ ಆಗ್ತಿತ್ತು. ಪುಣ್ಯಕ್ಕೆ ಕ್ಯಾಮೆರಾ ಕಾರ್ಡ್ ಇನ್ನೂ ಫಾರ್ಮ್ಯಾಟ್ ಮಾಡಿರಲಿಲ್ಲ.