ಸಹಾಯ ಬೇಕು: ಹಿಮದಡಿಯ ಕೆರೆಯ ಮಾಡೆಲ್

ನಮಸ್ಕಾರ. ತೀರ್ಥಹಳ್ಳಿ ಹತ್ತಿರ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ವಸ್ತುಪ್ರದರ್ಶನಕ್ಕೆ ಅಂಟಾರ್ಕ್ಟಿಕಾದ ವೋಸ್ಟಾಕ್ ಸರೋವರವನ್ನೇ ಮಾಡಬೇಕು ಅಂತ ಮಕ್ಕಳ ಹಟ. ಸುಮಾರು 4 ಕಿ.ಮೀ. ದಪ್ಪ ಹಿಮದ ಕೆಳಗಿರುವ ಕೆರೆ ಅದು. ಮೇಲಿನ ಒತ್ತಡ, ಭೂಮಿಯೊಳಗಿನ ಶಾಖ, ಕಂಬಳಿಯ ಹಾಗೆ ಚಳಿ ತಡೆಯುವ ಹಿಮ, ಇವುಗಳಿಂದ ನೀರು ಗಟ್ಟಿಯಾಗಲ್ಲ ಅನ್ನೋದನ್ನು ಹೇಗೋ ವಿವರಿಸಬಹುದು. ಕಷ್ಟ ಇರುವುದು ಇಂಥ ಕೆರೆಯನ್ನು ಮೇಲಿನಿಂದ ಪತ್ತೆ ಮಾಡುವ ರೇಡಾರ್‌ನಲ್ಲಿ. ವಿಮಾನದಿಂದ ಬಿಟ್ಟ ರೇಡಿಯೋ ಅಲೆ ಹಿಮ ದಾಟಿ ಹೋಗಿ, ನೀರಿಗೆ ಬಡಿದರೆ ಜೋರಾಗಿ ವಾಪಸ್ ಬರುತ್ತದೆ, ಬಂಡೆಗೆ ಬಡಿದರೆ ಅಷ್ಟು ಜೋರಾಗಿ ಬರಲ್ಲ. ಇದನ್ನು ಥರ್ಮಾಕೋಲ್ ಮಾಡೆಲ್‌ನಲ್ಲಿ ತೋರಿಸೋದು ಹೇಗೆ? ಕಿವಿಗೆ ಕೇಳದ ಶಬ್ದದ ಅಲೆ ಬಿಟ್ಟು ದೂರ ಅಳೆಯುವ ಅಲ್ಟ್ರಾಸೋನಿಕ್ ಸೆನ್ಸರ್ ಹಾಕಿ ಅಂದರು ಒಬ್ಬರು. ಅದರ ಅಲೆ ಥರ್ಮಾಕೋಲ್ ಮೇಲೇ ಬಡಿದು ವಾಪಸ್ ಬರುತ್ತೆ, ಅಲ್ವಾ? ಶಿವಮೊಗ್ಗದ ಇಂಜಿನಿಯರಿಂಗ್ ಹುಡುಗರು ಯಾರಾದರೂ ಒಂದು ಶನಿವಾರ ಬಂದರೆ ದೊಡ್ಡ ಉಪಕಾರ. ಬಸ್ ಚಾರ್ಜ್ ನನ್ನದು, ಊಟಕ್ಕೆ ಮನೆಯಲ್ಲೇ ಕಡುಬು.