ಅಪ್ಪ ಆಸ್ಪತ್ರೆಯಲ್ಲಿದ್ದಾಗ ಎಕ್ಸ್‌ಪಾರ್ಟಿ ಡಿಕ್ರಿ ಆಗಿಹೋಗಿದೆ, ಮುಂದೇನು? ಅನುಭವ ಇರುವವರು ಹೇಳಿ

ಕೇಳಿದವರು, ತುಮಕೂರು ಜಿಲ್ಲೆ:
ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯ ಮೇಲೆ ಅವರ ಅಣ್ಣನ ಮಗ ಜಮೀನಿನಲ್ಲಿ ಪಾಲು ಕೇಳಿ ದಾವೆ ಹಾಕಿದ್ದರು. ಸಮನ್ಸ್ ಬಂದಾಗ ಅಪ್ಪ ಹೋಗಿ ವಕೀಲರನ್ನು ನೋಡಿ ಬಂದಿದ್ದರು, ವಕಾಲತ್ತಿಗೆ ಸಹಿ ಮಾತ್ರ ಆಗಿರಲಿಲ್ಲ. ಅಷ್ಟರಲ್ಲಿ ಲಕ್ವ ಹೊಡೆದು ಬಲಗೈ, ಮಾತು ಎರಡೂ ಹೋದವು. ಈಗ ಎಫ್‌ಡಿಪಿ, ಅಂದರೆ ಜಮೀನನ್ನು ಭಾಗ ಮಾಡಿಕೊಡುವ ಅಂತಿಮ ಡಿಕ್ರಿ ಪ್ರಕ್ರಿಯೆಯ ನೋಟಿಸ್ ಬಂದಿದೆ. ವಿಚಾರಿಸಿದರೆ ಅಪ್ಪನನ್ನು ಎಕ್ಸ್‌ಪಾರ್ಟಿ ಇಟ್ಟು (ಅವರ ಗೈರುಹಾಜರಿಯಲ್ಲೇ), ಯಾರಿಗೆಷ್ಟು ಪಾಲು ಎನ್ನುವ ಪ್ರಿಲಿಮಿನರಿ ಡಿಕ್ರಿ ಆಗಿ ಆರು ತಿಂಗಳ ಮೇಲಾಗಿದೆ. ಅವರ ಮಾತನ್ನು ಯಾರೂ ಕೇಳಲೇ ಇಲ್ಲ. ಇಂಥದ್ದನ್ನು ದಾಟಿದವರು ಇದ್ದರೆ ದಯವಿಟ್ಟು ತಿಳಿಸಿ.

ಹಾಸನದಿಂದ:
ಮೇಡಂ, ಧೈರ್ಯ ತಂದುಕೊಳ್ಳಿ. ನಮ್ಮ ತಾಯಿ ಸೊಂಟದ ಮೂಳೆ ಮುರಿದು ಮಲಗಿದ್ದಾಗ ಅವರ ಮೇಲೂ ಎಕ್ಸ್‌ಪಾರ್ಟಿ ಡಿಕ್ರಿ ಆಗಿತ್ತು. ರದ್ದು ಮಾಡಿಸಿದೆವು, ದಾವೆ ಮತ್ತೆ ನಡೆಯಿತು. ಆದರೆ ಇದರಲ್ಲಿ ತಡಮಾಡುವ ಹಾಗಿಲ್ಲ.

ಡಿಕ್ರಿ ಕೊಟ್ಟ ಕೋರ್ಟಿನಲ್ಲೇ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆರ್ಡರ್ 9 ರೂಲ್ 13ರ ಕೆಳಗೆ ಅರ್ಜಿ ಹಾಕಬೇಕು. ಅದಕ್ಕೆ ಮಿಸಲೇನಿಯಸ್ ಎಂದು ಬೇರೆ ನಂಬರ್ ಕೊಡುತ್ತಾರೆ. ಗಡುವು 30 ದಿನ, ಅದೂ ಡಿಕ್ರಿಯಾದ ತಾರೀಖಿನಿಂದ. ಸಮನ್ಸ್ ಸರಿಯಾಗಿ ಜಾರಿ ಆಗಿರದಿದ್ದರೆ ಮಾತ್ರ ಗೊತ್ತಾದ ದಿನದಿಂದ ಎಣಿಸುತ್ತಾರೆ. ನಿಮ್ಮ ತಂದೆಗೆ ಸಮನ್ಸ್ ಮುಟ್ಟಿದೆ, ಹಾಗಾಗಿ ಗಡುವು ಮುಗಿದಿದೆ. ಲಿಮಿಟೇಶನ್ ಕಾಯ್ದೆಯ ಸೆಕ್ಷನ್ 5ರಲ್ಲಿ ವಿಳಂಬ ಮನ್ನಿಸಿ ಎಂಬ ಅರ್ಜಿಯನ್ನೂ ಜೊತೆಗೇ ಹಾಕಿ. ಸಮನ್ಸೇ ಬಂದಿಲ್ಲ ಅಂತ ಬರೆಯೋಣ ಎಂದು ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡಿ. ಸಮನ್ಸ್ ತಂದುಕೊಟ್ಟ ಕೋರ್ಟಿನ ಅಮೀನರು ಸಹಿ ಮಾಡಿಸಿಕೊಂಡ ಕಾಗದ ಫೈಲಿನಲ್ಲಿರುತ್ತದೆ. ಆ ಒಂದು ಸುಳ್ಳಿನಿಂದ ನಿಮ್ಮ ನಿಜವಾದ ಕಾಯಿಲೆಯನ್ನೂ ನಂಬದ ಹಾಗಾಗುತ್ತದೆ.

ನಮ್ಮನ್ನು ಗೆಲ್ಲಿಸಿದ್ದು ತಾರೀಖುಗಳ ಹೊಂದಾಣಿಕೆ. ಆರ್ಡರ್ ಶೀಟ್ (ಪ್ರತಿ ತಾರೀಖಿನಂದು ಏನಾಯಿತೆಂದು ಕೋರ್ಟ್ ಬರೆದಿಡುವ ಹಾಳೆ) ತೆಗೆಸಿ ಪ್ರತಿ ತಾರೀಖನ್ನೂ ಒಂದು ಹಾಳೆಯಲ್ಲಿ ಬರೆದೆವು. ಎದುರಿಗೆ ಆವತ್ತು ಅಮ್ಮ ಎಲ್ಲಿದ್ದರು, ಅದಕ್ಕೆ ಯಾವ ಕಾಗದ ಇದೆ ಎಂದು ಬರೆದೆವು. ಆಸ್ಪತ್ರೆಯಲ್ಲಿದ್ದ ದಿನಗಳಿಗೆ ಡಿಸ್ಚಾರ್ಜ್ ಸಮ್ಮರಿ ಸಾಕಾಯಿತು. ಕಷ್ಟವಾಗಿದ್ದು ಮನೆಗೆ ಬಂದ ಮೇಲಿನ ತಿಂಗಳುಗಳು. "ಮನೆಯಲ್ಲೇ ಇದ್ದರಲ್ಲ, ಮಗನಾದರೂ ಯಾಕೆ ಬರಲಿಲ್ಲ?" ಅಂತಲೇ ಎದುರು ವಕೀಲರು ಪಾಟೀಸವಾಲಿನಲ್ಲಿ ನನ್ನನ್ನು ಹಿಡಿದದ್ದು. ಫಿಸಿಯೋಥೆರಪಿ ರಸೀದಿ, ವಾಕರ್ ಕೊಂಡ ಬಿಲ್ಲು, ಒಪಿಡಿ ಚೀಟಿಗಳು ಆಗ ಕೈಹಿಡಿದವು. ಅಡುಗೆಮನೆ ಡಬ್ಬಿಯಲ್ಲಿರುವ ಔಷಧಿ ಬಿಲ್ಲನ್ನೂ ಎಸೆಯಬೇಡಿ. ದಾವೆಯ ವಿಷಯ ಮನೆಯಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ ಅನ್ನುವುದು ನಿಜವಾದರೆ ಅದನ್ನೂ ಅಫಿಡವಿಟ್‌ನಲ್ಲಿ ಸ್ಪಷ್ಟವಾಗಿ ಹೇಳಿ.

ಕೋರ್ಟಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು, ಮೈಸೂರು:
ಮೇಲಿನವರು ಹೇಳಿದ್ದು ಸರಿಯಾಗಿದೆ. ಇನ್ನು ಕೆಲವು ಮಾತು.

ನೋಟಿಸಿನಲ್ಲಿ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಇದ್ದರೆ ಇ-ಕೋರ್ಟ್ಸ್ ಆ್ಯಪಿನಲ್ಲಿ ಹಾಕಿ ನೋಡಮ್ಮ, ಹಿಂದಿನ ತಾರೀಖುಗಳೆಲ್ಲ ಕಾಣುತ್ತವೆ. ಸರ್ಟಿಫೈಡ್ ಕಾಪಿಗೂ ಇವತ್ತೇ ಅರ್ಜಿ ಕೊಡಿ.

"ಅನಾರೋಗ್ಯದಿಂದ ವಿಶ್ರಾಂತಿಯಲ್ಲಿದ್ದರು" ಎಂಬ ಒಂದು ಸಾಲಿನ ಸರ್ಟಿಫಿಕೇಟನ್ನು ನ್ಯಾಯಾಧೀಶರು ದಿನಾ ನೋಡುತ್ತಾರೆ, ಅದಕ್ಕೆ ಬೆಲೆ ಕಡಿಮೆ. ಯಾವ ಕಾಯಿಲೆ, ಎಂದಿನಿಂದ ಎಂದಿನವರೆಗೆ, ಓಡಾಡಲು ಮಾತಾಡಲು ಆಗುತ್ತಿತ್ತೋ ಇಲ್ಲವೋ, ಇಷ್ಟನ್ನೂ ನೋಡಿಕೊಂಡ ವೈದ್ಯರಿಂದಲೇ ಬರೆಸಿ.

ಅರ್ಜಿ ಹಾಕಿದ ಮಾತ್ರಕ್ಕೆ ಎಫ್‌ಡಿಪಿ ನಿಲ್ಲುವುದಿಲ್ಲ. ತಡೆಯಾಜ್ಞೆಗೆ ಬೇರೆ ಐಎ (ಮಧ್ಯಂತರ ಅರ್ಜಿ) ಹಾಕಿಸಿ, ಎಫ್‌ಡಿಪಿಯಲ್ಲೂ ವಕಾಲತ್ತು ಹಾಕಿಸಿ. ಇಲ್ಲದಿದ್ದರೆ ಅಲ್ಲಿಯೂ ಎಕ್ಸ್‌ಪಾರ್ಟಿ ಇಟ್ಟುಬಿಡುತ್ತಾರೆ. ಖರ್ಚು ಕಟ್ಟಿ ಎಂದು ಷರತ್ತು ಹಾಕಿ ಡಿಕ್ರಿ ರದ್ದು ಮಾಡುವುದುಂಟು. ಹೇಳಿದ ದಿನದೊಳಗೆ ಕಟ್ಟಿಬಿಡಿ. ಅರ್ಜಿ ವಜಾ ಆದರೆ ಆರ್ಡರ್ 43ರಲ್ಲಿ ಮೇಲ್ಮನವಿ ಇದೆ. ಸೆಕ್ಷನ್ 96ರಲ್ಲಿ ಡಿಕ್ರಿಯ ಮೇಲೆಯೇ ಅಪೀಲು ಹೋಗುವ ದಾರಿಯೂ ಉಂಟು. ಆದರೆ ಆ ಅಪೀಲು ತೀರ್ಮಾನವಾಗಿಬಿಟ್ಟರೆ ಆಮೇಲೆ ರೂಲ್ 13ರ ಬಾಗಿಲು ಮುಚ್ಚುತ್ತದೆ. ಎರಡರಲ್ಲಿ ಯಾವುದು ಮೊದಲು ಎಂದು ವಕೀಲರ ಜೊತೆ ಕೂತು ಯೋಚಿಸಿ.

ಧಾರವಾಡದಿಂದ:
ತಂಗಿ, ನಮ್ಮ ಕಾಕಾರದು ಬ್ಯಾರೆ ನಮೂನಿ ಕೇಸ್, ಚೆಕ್ ಬೌನ್ಸ್. ವಾರಕ್ಕ ಮೂರು ಸಲ ಡಯಾಲಿಸಿಸ್ ನಡದಿತ್ತು, ಕೋರ್ಟಿಗೆ ಹೋಗಾಕ ಆಗ್ತಿರಲಿಲ್ಲ. ಇಲ್ಲಿ ಓದೋ ಬ್ಯಾರೆಯವರಿಗೂ ಉಪಯೋಗ ಆಗ್ಲಿ ಅಂತ ಬರೀತೀನಿ. ಸಿವಿಲ್‌ನ್ಯಾಗ ಬರದಿದ್ರ ಎಕ್ಸ್‌ಪಾರ್ಟಿ, ಕ್ರಿಮಿನಲ್‌ನ್ಯಾಗ ಬರದಿದ್ರ ವಾರಂಟ್. ಎನ್‌ಬಿಡಬ್ಲ್ಯು (ಜಾಮೀನುರಹಿತ ವಾರಂಟ್) ಅಂದ ಕೂಡ್ಲೆ ಮನ್ಯಾಗ ಎಲ್ಲಾರೂ ಗಾಬರಿ ಆದ್ರು. ಜಾಮೀನು ನಿಂತಾವ್ರಿಗೂ ನೋಟಿಸ್ ಹೋತು.

ವಾರಂಟ್ ಹೊರಡಿಸಿದ ಕೋರ್ಟಿಗೇ ಅದನ್ನ ರದ್ದು ಮಾಡೋ ಅಧಿಕಾರ ಐತಿ. ವಕೀಲರು ರಿಕಾಲ್ ಅರ್ಜಿ ಹಾಕಿದ್ರು, ಡಯಾಲಿಸಿಸ್ ಚಾರ್ಟ್ ತೋರಿಸಿದ್ರು, ಕಾಕಾರನ್ನ ವ್ಹೀಲ್‌ಚೇರ್‌ನ್ಯಾಗ ಕರಕೊಂಡು ಹೋದ್ವಿ, ವಾರಂಟ್ ರದ್ದಾತು. ಮುಂದ ಪ್ರತಿ ತಾರೀಖಿಗೂ ಬರಬೇಕಂತಿಲ್ಲ, ವಕೀಲರು ಬಂದ್ರ ಸಾಕು ಅಂತ ಕೇಳಿಕೊಂಡ್ವಿ. ಮೊದಲು ಅದು ಸಿಆರ್‌ಪಿಸಿ (ಹಳೇ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ) ಸೆಕ್ಷನ್ 205 ಮತ್ತ 317 ಇತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕ ಬಿಎನ್‌ಎಸ್‌ಎಸ್ ಬಂದ ಮ್ಯಾಲ 228 ಮತ್ತ 355 ಆಗೇತಿ. ಅರ್ಜಿ ತಾರೀಖಿನ ದಿನ ಮುಂಜಾನೆನ ಕೋರ್ಟಿನ್ಯಾಗ ಇರಬೇಕ್ರಿ. ವಾರಂಟ್ ಆದ ಮ್ಯಾಲ ಓಡಾಡೋದು ಭಾಳ ತ್ರಾಸು.

ಉಡುಪಿಯಿಂದ:
ಒಂದು ವಿಷಯ ಯಾರೂ ಹೇಳಿಲ್ಲ. ನಿಮ್ಮ ತಂದೆಗೆ ಮಾತು ಮಾತ್ರ ಹೋದದ್ದಾ ಅಥವಾ ಹೇಳಿದ್ದು ಅರ್ಥವಾಗುವುದೂ ಕಷ್ಟವಾಗಿದೆಯಾ? ಇದನ್ನು ನರರೋಗ ತಜ್ಞರ ಹತ್ತಿರ ಮೊದಲು ಬರೆಸಿಕೊಳ್ಳಿ. ಅರ್ಥವಾಗುತ್ತದೆ ಎಂದಾದರೆ ಎಡಗೈ ಹೆಬ್ಬೆಟ್ಟು ಒತ್ತಿ ಅವರೇ ವಕಾಲತ್ತು ಕೊಡಬಹುದು, ನಿಮಗೆ ಜಿಪಿಎ (ತಮ್ಮ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ) ಕೂಡ ಕೊಡಬಹುದು. ಅರ್ಥವಾಗುವುದಿಲ್ಲ ಎಂದಾದರೆ ಜಿಪಿಎಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳಲೇಬೇಡಿ, ಅದು ನಿಲ್ಲುವುದಿಲ್ಲ. ಅಂಥವರ ಪರವಾಗಿ ಮನೆಯವರೊಬ್ಬರನ್ನು ನೇಮಿಸಿ ಎಂದು ಆರ್ಡರ್ 32 ರೂಲ್ 15ರಲ್ಲಿ ಕೇಳಬೇಕು. ನಮ್ಮ ಮಾವನವರಿಗೆ ಮರೆವಿನ ಕಾಯಿಲೆ ಇದ್ದಾಗ ನಾವು ಮಾಡಿದ್ದು ಇದನ್ನೇ. ತಮ್ಮ ಹಿತ ಕಾಯ್ದುಕೊಳ್ಳಲಾಗದವರ ಮೇಲೆ ಗಾರ್ಡಿಯನ್ ಇಲ್ಲದೆ ಡಿಕ್ರಿ ಆಗಿದೆ ಎನ್ನುವುದು ನಿಮಗೆ ದೊಡ್ಡ ಆಧಾರವೂ ಹೌದು.

ಮುಂದೆ ಅವರು ಸಾಕ್ಷಿ ಹೇಳಬೇಕಾಗಿ ಬಂದರೆ ಮನೆಗೇ ಕಮಿಷನರ್ ಬಂದು ಹೇಳಿಕೆ ಬರೆದುಕೊಳ್ಳುವ ವ್ಯವಸ್ಥೆ ಆರ್ಡರ್ 26ರಲ್ಲಿದೆ. ಹಾಸಿಗೆ ಹಿಡಿದವರನ್ನು ಆಂಬುಲೆನ್ಸಿನಲ್ಲಿ ಕೋರ್ಟಿಗೆ ಕರೆತರುವುದನ್ನು ನೋಡಿದ್ದೇನೆ, ಆ ಸಂಕಟ ಯಾರಿಗೂ ಬೇಡ.

ಎದುರು ಪಕ್ಷದಲ್ಲಿದ್ದವಳು, ಬೆಂಗಳೂರು:
ನನ್ನ ಪರ ಆದ ಡಿಕ್ರಿಯನ್ನು ಕಾಯಿಲೆಯ ನೆಪ ಹೇಳಿ ರದ್ದು ಮಾಡಿಸಲು ನೋಡಿದ್ದರು. ಅದೇ ದಿನಗಳಲ್ಲಿ ಅವರು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಸಹಿ ಹಾಕಿದ್ದ ದಾಖಲೆ ಸಿಕ್ಕಿತು, ಅರ್ಜಿ ಬಿತ್ತು. ಪ್ರತಿವಾದಿ ಪ್ರಾಮಾಣಿಕವಾಗಿ ಹಾಜರಾಗಬೇಕೆಂದಿದ್ದರೇ, ಕೈಲಾದಷ್ಟು ಪ್ರಯತ್ನಿಸಿದರೇ ಎಂದು ನೋಡಬೇಕು ಅಂತ ಸುಪ್ರೀಂ ಕೋರ್ಟ್ 2011ರಲ್ಲಿ ಒಂದು ವಿಚ್ಛೇದನದ ಪ್ರಕರಣದಲ್ಲಿ ಹೇಳಿದೆ. ನಿಮ್ಮ ತಂದೆಯದು ಅಂಥ ನೆಪವಲ್ಲ, ವಕೀಲರನ್ನು ನೋಡಲು ಅವರು ಹೋಗಿದ್ದೇ ಅವರ ಮನಸ್ಸಿಗೆ ಸಾಕ್ಷಿ. ಆ ವಕೀಲರಿಂದಲೂ ಒಂದು ಅಫಿಡವಿಟ್ ಕೇಳಿ ನೋಡಿ. ನಿಮ್ಮ ದೊಡ್ಡಪ್ಪನ ಮಗನ ಹತ್ತಿರ ಹಿರಿಯರ ಮೂಲಕ ಒಮ್ಮೆ ಮಾತಾಡಿಸಿ. ಒಪ್ಪಿದರೆ ಲೋಕ ಅದಾಲತ್‌ನಲ್ಲಿ ರಾಜಿ ಆಗಬಹುದು. ಆದರೆ ಆ ಮಾತುಕತೆ ನಂಬಿ ಅರ್ಜಿ ಹಾಕುವುದನ್ನು ಒಂದು ದಿನವೂ ಮುಂದೂಡಬೇಡಿ.

ಮತ್ತೆ ಹಾಸನದಿಂದ:
ಆಸ್ಪತ್ರೆಗೆ ಸುರಿದ ಮೇಲೆ ವಕೀಲರ ಫೀಸಿಗೆ ಕಷ್ಟವಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ತಾಲ್ಲೂಕಿನಲ್ಲಾದರೆ ಸಮಿತಿ ಇದೆ. ಅಂಗವಿಕಲರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ, ನಿಮ್ಮ ತಂದೆಗೆ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿದ್ದರೆ ಅದನ್ನು ತೆಗೆದುಕೊಂಡು ಹೋಗಿ. ಸಹಾಯವಾಣಿ 15100. ಎಫ್‌ಡಿಪಿಯ ಮುಂದಿನ ತಾರೀಖು ಯಾವತ್ತು ಎಂದು ಇಲ್ಲಿ ಬರೆಯಿರಿ, ಅದರೊಳಗೆ ಏನೇನು ಆಗಬೇಕು ಎಂದು ಲೆಕ್ಕ ಹಾಕೋಣ.